ಡಿಟರ್ಮಿನರ್ಸ್ ಕೋರ್ಸ್: ಪಾಠ ಸರಿ, ಅಭ್ಯಾಸ ತಲೆನೋವು (5ಕ್ಕೆ 3)

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಆ್ಯಪ್ (ಹೆಸರು ಬೇಡ ಬಿಡಿ). ಅದರಲ್ಲಿ ಡಿಟರ್ಮಿನರ್ಸ್ (ಎ, ದಿ, ದಿಸ್, ಮೈ ತರಹದ ಪದಗಳು) ಭಾಗಕ್ಕೆ ಮಾತ್ರ ದುಡ್ಡು ಕಟ್ಟಿದ್ದೆ.

ಮೊದಲು ಚೆನ್ನಾಗಿರೋದು ಹೇಳ್ತೀನಿ. ನಾಮಪದದ ಮುಂದೆ ಬರುವ ಈ ಪದಗಳನ್ನು ಮೂರು ಸಾಲು ಮಾಡಿ ತೋರಿಸುತ್ತಾರೆ: ಮೊದಲು ಆಲ್, ಬೋತ್, ಹಾಫ್, ನಡುವೆ ದಿ, ದಿಸ್, ಮೈ, ಕೊನೆಗೆ ಟು, ಫೈವ್, ಮೆನಿ. ಹಾಗಾಗಿ 'ಆಲ್ ದೀಸ್ ಫೈವ್ ಬುಕ್ಸ್' ಸರಿ. ನಡುವಿನ ಸಾಲಿನಲ್ಲಿ ಒಬ್ಬರಿಗೇ ಜಾಗ. ನಾವು 'ನನ್ನ ಈ ಪುಸ್ತಕ' ಅಂತ ಆರಾಮಾಗಿ ಹೇಳ್ತೀವಿ, ಅದನ್ನೇ 'ದಿಸ್ ಮೈ ಬುಕ್' ಅಂದರೆ ತಪ್ಪು, 'ದಿಸ್ ಬುಕ್ ಆಫ್ ಮೈನ್' ಅನ್ನಬೇಕು. ನಮ್ಮ ಶಾಲೆಯಲ್ಲಿ ಇವನ್ನೆಲ್ಲ ಅಡ್ಜೆಕ್ಟಿವ್ ಅಂತಲೇ ಕಲಿಸಿದ್ದರು. ಅಮೆರಿಕದ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ 1933ರಲ್ಲೇ ಅಡ್ಜೆಕ್ಟಿವ್‌ಗಳ ಒಳಗೇ ಡಿಟರ್ಮಿನರ್ ಅಂತ ಬೇರೆ ಗುಂಪು ಮಾಡಿ ಬರೆದಿದ್ದರು, ನಮ್ಮ ಮೇಷ್ಟ್ರ ತನಕ ಬಂದಿರಲಿಲ್ಲ ಅಷ್ಟೇ! 'ಬಿಗ್ ರೆಡ್' ಅಂತ ಅಡ್ಜೆಕ್ಟಿವ್‌ಗಳನ್ನು ಎಷ್ಟು ಬೇಕಾದರೂ ಪೇರಿಸಬಹುದು, ಆದರೆ 'ಐ ಬಾಟ್ ರೆಡ್ ಬುಕ್' ಅಂದರೆ ವಾಕ್ಯ ನಿಲ್ಲಲ್ಲ, 'ಎ'ನೋ 'ದಿ'ನೋ ಬೇಕೇ ಬೇಕು. ಈ ವ್ಯತ್ಯಾಸ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. 'ಫ್ಯೂ', 'ಎ ಫ್ಯೂ' ಪಾಠವೂ ಪರವಾಗಿಲ್ಲ.

ಕೈ ಕೊಡೋದು 'ದಿ' ಹತ್ತಿರ. ಮೊದಲ ಸಲ ಹೇಳಿದರೆ 'ಎ', ಎರಡನೇ ಸಲ 'ದಿ', ಪಾಠ ಮುಗೀತು. ಹಾಗಾದರೆ ಯಾರದೋ ಮನೆಗೆ ಹೋದ ತಕ್ಷಣ 'ವೇರ್ ಈಸ್ ದಿ ಕಿಚನ್' ಅಂತ ಕೇಳೋದು ಹೇಗೆ? ಯಾವುದರ ಮಾತು ಅಂತ ಕೇಳುವವರಿಗೂ ಗೊತ್ತಿದೆಯಾ ಅನ್ನೋದು ಮುಖ್ಯ, ಎಷ್ಟನೇ ಸಲ ಅನ್ನೋದಲ್ಲ. ಕನ್ನಡದವರಿಗೆ ಇದನ್ನು ಸುಲಭವಾಗಿ ಹೇಳಬಹುದಿತ್ತು. 'ಹುಡುಗಿ ನೋಡೋಕೆ ಹೋದ' ಅಂದರೆ ಮದುವೆ ಮಾತು, 'ಹುಡುಗಿಯನ್ನು ನೋಡೋಕೆ ಹೋದ' ಅಂದರೆ ಯಾರೋ ಒಬ್ಬ ಗೊತ್ತಿರುವ ಹುಡುಗಿ. ನಮ್ಮಲ್ಲಿ 'ದಿ' ಇಲ್ಲ, ಆದರೆ ಆ ಕೆಲಸ ಸ್ವಲ್ಪಮಟ್ಟಿಗೆ ವಿಭಕ್ತಿಯೇ ಮಾಡುತ್ತೆ. ಕನ್ನಡದಲ್ಲೇ ಪಾಠ ಅಂತ ಜಾಹೀರಾತು ಕೊಟ್ಟವರಿಗೆ ಇದು ಹೊಳೀಬೇಕಿತ್ತು ಅಲ್ವಾ?

ಅಭ್ಯಾಸದ ಪ್ರಶ್ನೆಗಳು ಇನ್ನೂ ಕಷ್ಟ. 'ಐ ಸಾ ... ಡಾಗ್' ಅಂತ ಖಾಲಿ ಬಿಟ್ಟು, 'ದಿ' ಹಾಕಿದರೆ ಕೆಂಪು, 'ಯುವರ್' ಹಾಕಿದರೂ ಕೆಂಪು. ಹಿಂದೆ ಮುಂದೆ ವಾಕ್ಯವೇ ಇಲ್ಲದಿದ್ದಾಗ 'ಎ', 'ದಿ', 'ಯುವರ್' ಮೂರೂ ಸರಿ ತಾನೇ? ದೂರು ಬರೆದರೆ ಸುಮ್ನೆ ಒಂದು ಧನ್ಯವಾದ ಬಂತು.

ಮೂರು ಸಾಲಿನ ವಿಡಿಯೊ ಫ್ರೀ ಇದೆ, ಅದನ್ನು ನೋಡಿ. ಉಳಿದದ್ದಕ್ಕೆ ಈಗ ಕೇಳುವ ಬೆಲೆ ಜಾಸ್ತಿಯಾಯ್ತು.