ಜಾರಿದ ಸೊಂಟದ ಮಣಿಗೆ ಬೆಲ್ಟ್: ಎಂಟು ತಿಂಗಳು ಬಳಸಿದ ಮೇಲೆ

ದಾವಣಗೆರೆಯಲ್ಲಿ ನಮ್ಮೊಂದಿಗಿರುವ ನನ್ನ ತಾಯಿಯವರಿಗೆ 61 ವರ್ಷ. ಅವರ ಬೆನ್ನೆಲುಬಿನ ಸೊಂಟದ ಭಾಗದ ನಾಲ್ಕನೆಯ ಮಣಿ ಐದನೆಯದರ ಮೇಲಿಂದ ಮುಂದಕ್ಕೆ ಜಾರಿದೆ ಎಂದು ಮೂಳೆತಜ್ಞರು ಹೇಳಿದ ದಿನವೇ, ಚೀಟಿಯಲ್ಲಿ ಬರೆದಿದ್ದ, ಸೊಂಟಕ್ಕೆ ಕಟ್ಟುವ ಲಂಬೊ ಸೇಕ್ರಲ್ ಬೆಲ್ಟನ್ನು 950 ರೂಪಾಯಿ ಕೊಟ್ಟು ತಂದೆವು. 'ಮೂರು ತಿಂಗಳು ಬಿಡದೆ ಕಟ್ಟಿಸಿ, ಮೂಳೆ ಜಾಗಕ್ಕೆ ಬಂದು ಕೂರುತ್ತದೆ' ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಮೊದಲು ತಿದ್ದಬೇಕಾದದ್ದು ಆ ಮಾತನ್ನೇ. ಜಾರಿದ ಮಣಿಯನ್ನು ಯಾವ ಬೆಲ್ಟೂ ಹಿಂದಕ್ಕೆ ಕೂರಿಸುವುದಿಲ್ಲ. ಅದು ಸೊಂಟದ ಅಲುಗಾಟವನ್ನು ಸ್ವಲ್ಪ ತಗ್ಗಿಸಿ, ನಿಂತು ಮಾಡುವ ಕೆಲಸಕ್ಕೆ ಒಂದಿಷ್ಟು ಆಸರೆ ಕೊಡುತ್ತದೆ, ಅಷ್ಟೆ.

ಈ ತೊಂದರೆಗೆ ವೈದ್ಯರು ಸ್ಪಾಂಡಿಲೋಲಿಸ್ಥೆಸಿಸ್ ಎನ್ನುತ್ತಾರೆ. ಬಹಳ ಮಂದಿ ಇದನ್ನು 'ಡಿಸ್ಕ್ ಜಾರಿದ್ದು' ಎಂದೇ ತಿಳಿಯುತ್ತಾರೆ, ಆದರೆ ಇಲ್ಲಿ ಜಾರುವುದು ಮೂಳೆ. ಡಿಸ್ಕ್ ಎಂಬುದು ಎರಡು ಮಣಿಗಳ ನಡುವಿನ ಮೆತ್ತೆ. ವಯಸ್ಸಾದಂತೆ ಆ ಮೆತ್ತೆ ತೆಳುವಾಗಿ, ಹಿಂಬದಿಯ ಸಣ್ಣ ಕೀಲುಗಳು ಸವೆದಾಗ ಮೇಲಿನ ಮಣಿ ಮುಂದಕ್ಕೆ ಸರಿಯುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಕ್ರಿಕೆಟ್‌ನ ವೇಗದ ಬೌಲರ್‌ಗಳಲ್ಲಿ, ಜಿಮ್ನಾಸ್ಟ್‌ಗಳಲ್ಲಿ ಕಾಣುವುದು ಬೇರೆ ಬಗೆ: ಸೊಂಟವನ್ನು ಮತ್ತೆ ಮತ್ತೆ ಹಿಂದಕ್ಕೆ ಬಾಗಿಸಿ ಮಣಿಯ ಹಿಂಭಾಗದ ಸಣ್ಣ ಎಲುಬು ಬಿರುಕು ಬಿಟ್ಟು, ಸಾಮಾನ್ಯವಾಗಿ ಐದನೆಯ ಮಣಿ ಜಾರುತ್ತದೆ. ಕೆಳಗಿನ ಮಣಿಯ ಅಗಲದ ನಾಲ್ಕರಲ್ಲಿ ಒಂದು ಪಾಲಿನವರೆಗೆ ಜಾರಿದ್ದರೆ ಅದು ಗ್ರೇಡ್ ಒಂದು, ತಾಯಿಯವರದೂ ಅದೇ. ಮಲಗಿಸಿ ತೆಗೆದ ಮೊದಲ ಎಕ್ಸ್‌ರೇಯಲ್ಲಿ ಜಾರಿದ್ದು ಅಷ್ಟಾಗಿ ಕಂಡಿರಲಿಲ್ಲ, ನಿಲ್ಲಿಸಿ ಮುಂದಕ್ಕೂ ಹಿಂದಕ್ಕೂ ಬಾಗಿಸಿ ತೆಗೆದಾಗಲೇ ಸ್ಪಷ್ಟವಾಯಿತು.

ಸಂತೆಗೆ ಹೊರಟ ತಾಯಿಯವರು ಮೂರನೆಯ ಲೈಟು ಕಂಬ ದಾಟುವಷ್ಟರಲ್ಲಿ ಯಾರದೋ ಕಾಂಪೌಂಡ್ ಗೋಡೆ ಹಿಡಿದು ಮುಂದಕ್ಕೆ ಬಾಗಿ ನಿಂತುಬಿಡುತ್ತಿದ್ದರು. ನೋಡಿದವರು ಉಬ್ಬಸವೆಂದುಕೊಂಡರು; ನಾವೂ ಕೆಲವು ದಿನ ಹಾಗೆಯೇ ಅಂದುಕೊಂಡಿದ್ದೆವು. ಮಣಿ ಜಾರಿದಲ್ಲಿ ನರಗಳ ಹಾದಿ ಕಿರಿದಾಗಿರುತ್ತದೆ, ಬಾಗಿದಾಗ ಅದು ತುಸು ಅಗಲವಾಗಿ ತೊಡೆ ಮತ್ತು ಮೀನಖಂಡದ ಸೆಳೆತ ಇಳಿಯುತ್ತದೆ ಎಂಬುದು ತಿಳಿದ ಮೇಲೆ ಆ ನಿಲುವಿನ ಅರ್ಥವಾಯಿತು. ಈ ಕಾಲುನೋವಿಗೆ ಬೆಲ್ಟಿನಿಂದ ನಮಗೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ.

ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ಕುಲುಕಾಡುತ್ತ ಹೋಗುವಾಗ ಮಾತ್ರ ಅದು ನಿಜವಾಗಿ ಉಪಕಾರಿಯಾಯಿತು. ಮೊದಲು ಹತ್ತು ನಿಮಿಷಕ್ಕೇ ಕುಳಿತುಕೊಳ್ಳಬೇಕಾಗುತ್ತಿದ್ದ ತಾಯಿಯವರು ಬೆಲ್ಟ್ ಕಟ್ಟಿಕೊಂಡು ಅರ್ಧ ಗಂಟೆ ನಿಲ್ಲಬಲ್ಲವರಾದರು. ಬೆನ್ನಿನ ಭಾಗದ ನಾಲ್ಕು ಪಟ್ಟಿಗಳು ಗಟ್ಟಿಯಾಗಿವೆ, ಎರಡೂ ಬದಿಯ ಎಲಾಸ್ಟಿಕ್ ಎಳೆದು ಬಿಗಿ ಮಾಡಿಕೊಳ್ಳುವುದು ಸುಲಭ. ಅಳತೆಯಲ್ಲಿ ಮಾತ್ರ ನಾವು ತಪ್ಪಿದೆವು. ಕಣ್ಣಂದಾಜಿನಲ್ಲಿ ತಂದ ಮೊದಲನೆಯದು ಕುಳಿತಾಗ ಮಡಚಿಕೊಂಡು ಪಕ್ಕೆಗೆ ಒತ್ತುತ್ತಿತ್ತು. ಟೇಪಿನಿಂದ ಸುತ್ತಳತೆ ನೋಡಿ ಬದಲಾಯಿಸಿಕೊಂಡೆವು. ಅಂಟುಪಟ್ಟಿ ಸೀರೆಯ ದಾರ ಎಳೆಯುತ್ತದೆ. ಏಪ್ರಿಲ್ ಸೆಕೆಯಲ್ಲಿ ಬೆವರುಸಾಲೆಯೂ ಎದ್ದಿತು, ಒಳಗೆ ತೆಳು ಹತ್ತಿಬಟ್ಟೆ ಹಾಕಿದ ಮೇಲೆ ಕಡಿಮೆಯಾಯಿತು. ದಿನವಿಡೀ ಕಟ್ಟಿಕೊಂಡು ಸೊಂಟದ ಸ್ನಾಯುಗಳಿಗೆ ಕೆಲಸವೇ ಇಲ್ಲದಂತೆ ಮಾಡಬಾರದೆಂದು ವೈದ್ಯರು ಎಚ್ಚರಿಸಿದ್ದರಿಂದ ಎರಡು ಗಂಟೆ ಮೀರುವುದಿಲ್ಲ.

ನಡಿಗೆ ಸುಧಾರಿಸಿದ್ದು ಫಿಸಿಯೋಥೆರಪಿಯಿಂದ. ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ತರುವುದು, ಹೊಟ್ಟೆಯನ್ನು ಬಿಗಿ ಹಿಡಿದು ಸೊಂಟವನ್ನು ಚಾಪೆಗೆ ಒತ್ತುವುದು, ಇಂಥ ನಾಲ್ಕೈದು ವ್ಯಾಯಾಮಗಳನ್ನು ಆರು ವಾರ ತಪ್ಪದೆ ಮಾಡಿಸಿದ ಮೇಲೆ ಸಂತೆಯವರೆಗೆ ಒಂದೇ ಸಲ ನಿಂತು ಹೋಗುವಂತಾದರು. ಟಿವಿ ನೋಡಿ ಮಾಡುತ್ತಿದ್ದ ಭುಜಂಗಾಸನವನ್ನು ಮೊದಲ ದಿನವೇ ಬಿಡಿಸಿದರು, ಏಕೆಂದರೆ ಹಿಂದಕ್ಕೆ ಬಾಗಿದಷ್ಟೂ ನರದ ಹಾದಿ ಕಿರಿದಾಗುತ್ತದೆ. ಇಷ್ಟಾದರೂ ನಡೆಯುವ ದೂರ ಕುಗ್ಗುತ್ತಲೇ ಹೋದರೆ, ಪಾದದ ಬಲ ಇಳಿದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕಾಗುತ್ತದೆ: ನರದ ಮೇಲಿನ ಒತ್ತಡ ತೆಗೆದು, ಅಗತ್ಯವಿದ್ದರೆ ಸ್ಕ್ರೂ ಹಾಕಿ ಎರಡು ಮಣಿಗಳನ್ನು ಬೆಸೆಯುತ್ತಾರೆ. ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅದರ ಹಿಡಿತ ತಪ್ಪಿದರೆ ಬೆಲ್ಟು, ವ್ಯಾಯಾಮ ಎಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಎಂಟನೆಯ ತಿಂಗಳಿಗೆ ಬೆಲ್ಟಿನ ಅಂಟುಪಟ್ಟಿ ಹಿಡಿತ ಕಳೆದುಕೊಂಡಿದೆ; ಈ ಬೆಲೆಗೆ ಒಂದು ವರ್ಷವಾದರೂ ಬಾಳಬೇಕಿತ್ತು. ಮತ್ತೊಂದನ್ನು ಕೊಳ್ಳುತ್ತೇವೆ, ಆದರೆ ಈ ಸಲ ಅಂಟುಪಟ್ಟಿ ಅಗಲವಾಗಿರುವುದನ್ನು, ಜಾಲರಿ ಬಟ್ಟೆಯದನ್ನು, ತಾಯಿಯವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕಟ್ಟಿ ಒಮ್ಮೆ ಕೂರಿಸಿ ನೋಡಿ ತರುತ್ತೇವೆ.