ಥಂಬ್ ಟಿಪ್: ಮೆತ್ತನೆಯ ವಿನೈಲೋ, ಗಟ್ಟಿ ಪ್ಲಾಸ್ಟಿಕ್ಕೋ?

ಥಂಬ್ ಟಿಪ್ ಅಂದರೆ ಜಾದೂಗಾರರು ಹೆಬ್ಬೆರಳಿನ ತುದಿಗೆ ತೊಡುವ, ಬೆರಳಿನಂತೆಯೇ ಕಾಣುವ ಟೊಳ್ಳು ಟೊಪ್ಪಿ; ಸಣ್ಣ ವಸ್ತುಗಳನ್ನು ಅದರೊಳಗೆ ಬಚ್ಚಿಟ್ಟು ಮಾಯ ಮಾಡುತ್ತಾರೆ. ಅದನ್ನು ಕೊಳ್ಳಲು ಹೊರಟವರು ಮೊದಲು ನೋಡುವುದು ಬಣ್ಣವನ್ನು. ಹೆಬ್ಬೆರಳಿನ ಪಕ್ಕ ಹಿಡಿದು ನೋಡಿ, "ತೀರಾ ಕೆಂಪಗಿದೆ, ಗೊತ್ತಾಗಿಬಿಡುತ್ತೆ" ಅಂತ ವಾಪಸ್ ಇಟ್ಟುಬಿಡುತ್ತಾರೆ. ನನ್ನ ಪ್ರಕಾರ ಬಣ್ಣಕ್ಕೆ ಮೂರನೇ ಸ್ಥಾನ. ಮೊದಲು ನೋಡಬೇಕಾದ್ದು ಅಳತೆ, ಆಮೇಲೆ ಅದು ಎಷ್ಟು ಮೆತ್ತಗಿದೆ ಅನ್ನುವುದು. ಬೇರೆ ಬೇರೆ ಬಗೆಯ ಟಿಪ್‌ಗಳನ್ನು ಒಂದೇ ಆಟಕ್ಕೆ ಅದಲುಬದಲು ಮಾಡಿ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಜಾದೂ ಕಲಿಯುತ್ತಿರುವವರಿಗಾಗಿ ಬರೆಯುತ್ತಿರುವುದರಿಂದ ಗುಟ್ಟನ್ನು ಸುತ್ತಿಬಳಸಿ ಹೇಳುತ್ತಿಲ್ಲ. ಓದಿದವರು ಅದನ್ನು ಪ್ರೇಕ್ಷಕರ ಎದುರು ಬಿಚ್ಚಿಡದಿದ್ದರೆ ಸಾಕು.

ಅಳತೆಯ ವಿಷಯದಲ್ಲಿ ಹೆಚ್ಚಿನವರು ಉಂಗುರ ಕೊಳ್ಳುವ ಹಾಗೆ ಕೊಳ್ಳುತ್ತಾರೆ, ಬೆರಳಿಗೆ ಸರಿಯಾಗಿ ಕೂತರೆ ಖುಷಿಪಡುತ್ತಾರೆ. ಆದರೆ ಟಿಪ್ ಬೆರಳಿಗೆ ಸ್ವಲ್ಪ ಅಳ್ಳಕವಾಗಿಯೇ ಇರಬೇಕು. ಒಳಗೆ ಕರವಸ್ತ್ರವೋ ಮಡಿಸಿದ ಕಾಗದವೋ ಇದ್ದಾಗ ಹೆಬ್ಬೆರಳು ಪೂರ್ತಿ ಒಳಗೆ ಹೋಗುವುದಿಲ್ಲ, ಅರ್ಧದಲ್ಲೇ ನಿಲ್ಲುತ್ತದೆ. ಆಗಲೂ ಟಿಪ್ ಬೀಳದಂತೆ ಕೂತು, ಅಂಚು ಮೊದಲ ಗೆಣ್ಣಿನವರೆಗಾದರೂ ಬರಬೇಕು. ಖಾಲಿ ಟಿಪ್ ತೊಟ್ಟಾಗ ಚರ್ಮಕ್ಕೆ ಬಿಗಿಯಾಗಿ ಅಂಟಿಕೊಂಡಿತೆಂದರೆ ಆ ಅಳತೆ ಚಿಕ್ಕದಾಯಿತು ಅಂತಲೇ ಅರ್ಥ. ಪರೀಕ್ಷೆ ಸುಲಭ: ಟಿಪ್ ತೊಟ್ಟು ಹೆಬ್ಬೆರಳನ್ನು ನೆಲದ ಕಡೆ ತಿರುಗಿಸಿ ಮೆಲ್ಲಗೆ ಅಲ್ಲಾಡಿಸಿ, ಬೀಳಬಾರದು. ಇನ್ನೊಂದು ಕೈಯ ಮುಷ್ಟಿಯೊಳಗೆ ತೂರಿಸಿ ಹೆಬ್ಬೆರಳನ್ನು ಎಳೆದರೆ ಟಿಪ್ ಜಗ್ಗಾಡದೆ ಮುಷ್ಟಿಯಲ್ಲೇ ಉಳಿಯಬೇಕು. ಎರಡರಲ್ಲೂ ಪಾಸಾದರೆ ಅದು ನಿಮ್ಮದು.

ಈಗ ವಿನೈಲ್ ಅನ್ನುವ ಬಾಗುವ ಪ್ಲಾಸ್ಟಿಕ್ಕಿಗೂ ಗಟ್ಟಿ ಪ್ಲಾಸ್ಟಿಕ್ಕಿಗೂ ನಡುವಿನ ಮುಖ್ಯ ಪೈಪೋಟಿಗೆ ಬರೋಣ. ರೇಷ್ಮೆ ಕರವಸ್ತ್ರ ಮಾಯ ಮಾಡುವ ಆಟದಲ್ಲಿ ಎರಡರ ಗುಣವೂ ಬೇಗ ಗೊತ್ತಾಗುತ್ತದೆ. ಎಡಮುಷ್ಟಿಯೊಳಗೆ ಟಿಪ್ ಬಾಯಿ ಮೇಲಾಗಿ ನಿಂತಿದೆ. ಕರವಸ್ತ್ರದ ಒಂದು ಮೂಲೆಯಿಂದ ಶುರುಮಾಡಿ ತೋರುಬೆರಳು, ನಡುಬೆರಳುಗಳಿಂದ ಒಳಗೆ ತುರುಕುತ್ತಾ ಹೋಗುತ್ತೀರಿ. ಕೊನೆಗೆ ಉಳಿದ ಮೂಲೆಯನ್ನು ಬಲ ಹೆಬ್ಬೆರಳಿನಿಂದ ಒತ್ತುತ್ತೀರಿ, ಅದೇ ಒತ್ತಿಗೆ ಹೆಬ್ಬೆರಳು ಟಿಪ್ಪನ್ನು ತೊಟ್ಟುಕೊಂಡು ಹೊರಬರುತ್ತದೆ. ಮೆತ್ತನೆಯ ವಿನೈಲ್ ಆದರೆ ಈ ಕೊನೆಯ ಒತ್ತಿಗೆ ಗೋಡೆ ಸ್ವಲ್ಪ ಹಿಗ್ಗಿ ಬಟ್ಟೆಗೂ ಬೆರಳಿಗೂ ಜಾಗ ಮಾಡಿಕೊಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ತುಂಬಿದ ಬಟ್ಟೆ ಸ್ವಲ್ಪ ಹೆಚ್ಚಾದರೂ ಹೆಬ್ಬೆರಳು ಬಾಯಲ್ಲೇ ನಿಂತುಬಿಡುತ್ತದೆ, ಮೂಲೆಯೊಂದು ಅಂಚಿನಿಂದ ಹೊರಗೆ ಇಣುಕುತ್ತದೆ.

ಅದೇ ಆಟದಲ್ಲಿ ವಿನೈಲ್‌ಗೂ ಒಂದು ಕೊರತೆ ಇದೆ. ಮುಷ್ಟಿಯನ್ನು ಬಿಗಿಯಾಗಿ ಹಿಡಿದರೆ ಅದರ ಬಾಯಿ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಬೆರಳು ನೋಡದೆ ಹೋಗಬೇಕಾದ ಜಾಗವನ್ನು ಹುಡುಕಲು ಶುರುಮಾಡುತ್ತದೆ, ಹುಡುಕುವ ಬೆರಳು ನೋಡುವವರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಗಟ್ಟಿ ಟಿಪ್‌ನ ಬಾಯಿ ಯಾವಾಗಲೂ ದುಂಡಗೇ ಇರುವುದರಿಂದ ಬೆರಳು ನೇರವಾಗಿ ಇಳಿಯುತ್ತದೆ. ವಿನೈಲ್ ಬಳಸುವವರು ಮುಷ್ಟಿಯನ್ನು ಸಡಿಲ ಹಿಡಿಯುವ ಅಭ್ಯಾಸವನ್ನೇ ಮೊದಲು ಮಾಡಿಕೊಳ್ಳಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಇನ್ನೊಂದು ತೊಂದರೆ. ಬಿಗಿಯಾದ ಟಿಪ್‌ನಿಂದ ಬೆರಳು ಕೀಳುವಾಗ ಸಣ್ಣಗೆ 'ಪಟ್' ಅನ್ನುತ್ತದೆ, ಎದುರುಬದುರು ಕೂತವರಿಗೆ ಅದು ಕೇಳಿಸುತ್ತದೆ. ತುದಿಯಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿದರೆ ಸದ್ದು ನಿಲ್ಲುತ್ತದೆ. ರೇಷ್ಮೆ ಆಟಕ್ಕೆ ಬಳಸುವ ನನ್ನ ಟಿಪ್‌ಗೆ ಹಾಗೆ ಮಾಡಿಕೊಂಡಿದ್ದೇನೆ.

ಅಂದ ಹಾಗೆ, ಬಟ್ಟೆ ಅಸಲಿ ರೇಷ್ಮೆಯೇ ಆಗಿರಬೇಕು. 9 ಇಂಚಿನ ತೆಳು ರೇಷ್ಮೆ ಸಾಧಾರಣ ಅಳತೆಯ ಟಿಪ್‌ನಲ್ಲಿ ಆರಾಮಾಗಿ ಕೂರುತ್ತದೆ, 12 ಇಂಚಿನದು ವಿನೈಲ್‌ನಲ್ಲಿ ಹಿಡಿಸುತ್ತದೆ. 18 ಇಂಚಿನದಕ್ಕೆ ಉದ್ದನೆಯ ಟಿಪ್ಪೇ ಬೇಕು. ಪಾಲಿಯೆಸ್ಟರ್ ಬಟ್ಟೆ ಅಷ್ಟೇ ಅಗಲ ಇದ್ದರೂ ಅದುಮಿದಷ್ಟೂ ಮೇಲಕ್ಕೆ ಉಬ್ಬಿ ಬರುತ್ತದೆ. ಟಿಪ್ ಸರಿಯಿಲ್ಲ ಅಂತ ದೂರುವ ಎಷ್ಟೋ ಜನರ ಕೈಯಲ್ಲಿ ನಾನು ನೋಡಿದ್ದು ಪಾಲಿಯೆಸ್ಟರ್ ಕರವಸ್ತ್ರವನ್ನೇ.

ಉಪ್ಪಿನ ಆಟಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಮುಷ್ಟಿಗೆ ಉಪ್ಪು ಸುರಿದು, ಮಾಯ ಮಾಡಿ, ಮತ್ತೆ ಖಾಲಿ ಕೈಯಿಂದ ಧಾರೆಯಾಗಿ ಸುರಿಸುವ ಈ ಆಟ ಅಂದರೆ ನೆನಪಾಗುವುದು ಡಚ್ ಜಾದೂಗಾರ ಫ್ರೆಡ್ ಕ್ಯಾಪ್ಸ್. 1964ರ ಫೆಬ್ರವರಿ 9ರಂದು, ಅಮೆರಿಕದ ಟಿವಿ ಕಾರ್ಯಕ್ರಮವಾದ ಎಡ್ ಸಲ್ಲಿವನ್ ಷೋದಲ್ಲಿ ಬೀಟಲ್ಸ್ ಹಾಡುಗಾರರ ತಂಡ ಮೊದಲ ಸಲ ಹಾಡಿದ ಅದೇ ರಾತ್ರಿ, ಅದೇ ವೇದಿಕೆಯಲ್ಲಿ ಅವರು ಉಪ್ಪು ಸುರಿಸಿದ್ದರು. ಸುರಿಯುತ್ತಲೇ ಇರುವ ಧಾರೆಯಲ್ಲೇ ಆಟದ ಸೊಗಸಿದೆ. ಥಂಬ್ ಟಿಪ್‌ನಿಂದ ಈ ಆಟವನ್ನು ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ನನ್ನ ಆಯ್ಕೆ ಗಟ್ಟಿ ಪ್ಲಾಸ್ಟಿಕ್. ವಿನೈಲನ್ನು ಮುಷ್ಟಿ ಸ್ವಲ್ಪ ಅದುಮಿದರೂ ಒಳಗಿನ ಜಾಗ ಕುಗ್ಗಿ ಉಪ್ಪು ಬಾಯಿಂದ ಉಕ್ಕುತ್ತದೆ, ಸುರಿಸುವಾಗ ಧಾರೆ ಒಮ್ಮೆ ದಪ್ಪ ಒಮ್ಮೆ ಸಣ್ಣ ಆಗುತ್ತದೆ. ಗಟ್ಟಿ ಟಿಪ್‌ನಲ್ಲಿ ಧಾರೆ ಒಂದೇ ಸಮನೆ ಬೀಳುತ್ತದೆ, ಕೈ ವಾಲಿಸಿದಷ್ಟೇ ಉಪ್ಪು. ಸೂಜಿ ರಂಧ್ರ ಮಾಡಿದ ಟಿಪ್ಪನ್ನು ಇದಕ್ಕೆ ಮುಟ್ಟಲೇಬಾರದು, ಪುಡಿ ಉಪ್ಪು ಅಲ್ಲಿಂದಲೇ ಜಿನುಗುತ್ತದೆ.

ಒಂದು ನೋಟನ್ನು ಇನ್ನೊಂದಾಗಿ ಬದಲಿಸುವ ಆಟದಲ್ಲಿ ಮತ್ತೆ ವಿನೈಲ್‌ನದೇ ಗೆಲುವು, ಅದೂ ದೊಡ್ಡ ಅಂತರದಿಂದ. ಮಡಿಸಿದ ನೋಟಿನ ಹಿಂದೆ ಅದು ಚಪ್ಪಟೆಯಾಗಿ ಅಡಗುತ್ತದೆ. ಗಟ್ಟಿಯದು ಗುಬುಟಾಗಿ ನಿಂತು ನೋಟನ್ನು ಎತ್ತಿಹಿಡಿಯುತ್ತದೆ, ಉಂಗುರಕ್ಕೋ ಮೇಜಿಗೋ ತಾಗಿದರೆ ಟಕ್ ಅಂತ ಸದ್ದು ಬೇರೆ.

ಹಳಬರೊಬ್ಬರು ಕೊಟ್ಟ ಲೋಹದ ಟಿಪ್ಪನ್ನೂ ಕೆಲಕಾಲ ಬಳಸಿ ನೋಡಿದೆ. ತೆಳು ತಗಡಿನ ಮೇಲೆ ಚರ್ಮದ ಬಣ್ಣ ಬಳಿದಿರುತ್ತಾರೆ. ಬಣ್ಣ ಎದ್ದುಹೋದ ಕಡೆ ಲೋಹ ಮಿಂಚುತ್ತದೆ, ಕೆಳಗೆ ಬಿದ್ದರೆ ತಗ್ಗಾಗುತ್ತದೆ. ಬೆಂಕಿಯ ಆಟಗಳಿಗೆ ಪ್ಲಾಸ್ಟಿಕ್ ಆಗುವುದಿಲ್ಲ ಅನ್ನುವುದು ಬಿಟ್ಟರೆ ಇದನ್ನು ಆರಿಸಲು ನನಗೆ ಕಾರಣ ಕಾಣಲಿಲ್ಲ. ಬೆಂಕಿಯಲ್ಲೂ ಲೋಹ ಕಾದು ಬೆರಳನ್ನೇ ಸುಡುತ್ತದೆ, ಹೊಸಬರು ಆ ಕಡೆ ಹೋಗಬಾರದು. ಬೆಳಕು ಹೊತ್ತುವ ಟಿಪ್ ಬಗ್ಗೆಯೂ ಕೇಳುವವರಿದ್ದಾರೆ. ಮಂದ ಬೆಳಕಿನಲ್ಲಿ ಮಕ್ಕಳ ಕಣ್ಣರಳಿಸಲು ಅದು ಚೆನ್ನ. ಆದರೆ ಬ್ಯಾಟರಿ, ಬಲ್ಬು ಜಾಗ ತಿಂದಿರುವುದರಿಂದ ಬೇರೇನನ್ನೂ ಬಚ್ಚಿಡಲಾಗದು. ಅದನ್ನು ಬೇರೆಯದೇ ಸಾಮಾನು ಅಂತ ಎಣಿಸಿ ಕೊಳ್ಳಿ.

ಇನ್ನು ಬಣ್ಣ. ಮಾರಾಟಕ್ಕಿರುವ ಬಹಳಷ್ಟು ಟಿಪ್‌ಗಳು ನಸುಗೆಂಪು, ನಮ್ಮ ಕಂದು ಚರ್ಮಕ್ಕೆ ಹೊಂದುವುದಿಲ್ಲ, ನಿಜ. ಆದರೂ ಸಿಕ್ಕಿಹಾಕಿಸುವುದು ಹೆಚ್ಚಾಗಿ ಹೊಳಪು. ಉಗುರಿನ ಭಾಗ ಬಿಟ್ಟು ಉಳಿದದ್ದರ ಮೇಲೆ ನಯವಾದ ಮರಳು ಕಾಗದವನ್ನು ಹಗುರವಾಗಿ ಆಡಿಸಿ, ಮಿಣಮಿಣ ಹೋಗುತ್ತದೆ. ಬಣ್ಣ ಹಚ್ಚಲೇಬೇಕು ಅನ್ನುವವರಿಗೆ ಗಟ್ಟಿ ಪ್ಲಾಸ್ಟಿಕ್ ಅನುಕೂಲ. ವಿನೈಲ್ ಬಾಗಿದಾಗಲೆಲ್ಲ ಬಣ್ಣ ಬಿರಿದು ಪದರ ಎದ್ದುಬರುವುದರಿಂದ, ಅದಕ್ಕೆ ಆಟಕ್ಕೆ ಮುಂಚೆ ಮೇಕಪ್ ಫೌಂಡೇಶನ್ ಸವರಿ ಮೇಲೆ ಪೌಡರ್ ಉದುರಿಸುವುದೇ ಮೇಲು. ಅಂಚು ದಪ್ಪವಿದ್ದರೆ ವಿನೈಲನ್ನು ಸಣ್ಣ ಕತ್ತರಿಯಿಂದ ಓರೆಯಾಗಿ ಕತ್ತರಿಸಿ ತೆಳ್ಳಗೆ ಮಾಡಬಹುದು. ಪಕ್ಕದಿಂದ ನೋಡುವವರಿಗೆ ಕಾಣುವುದು ಆ ಅಂಚಿನ ಗೆರೆಯೇ.

ಸರಿಯಾಗಿ ಹಿಡಿದ ಕೈಯಲ್ಲಿ ಕಡುಗೆಂಪು ಟಿಪ್ ಕೂಡ ಕಾಣುವುದಿಲ್ಲ. ಹೆಬ್ಬೆರಳ ತುದಿ ನೇರವಾಗಿ ನೋಡುವವರ ಕಡೆ ಮುಖ ಮಾಡಿರಬೇಕು, ಆಗ ಅವರಿಗೆ ತುದಿಯಷ್ಟೇ ಕಾಣುತ್ತದೆ, ಉದ್ದ ಕಾಣದು. ಉಳಿದ ನಾಲ್ಕು ಬೆರಳು ಸಹಜವಾಗಿ ಆಡುತ್ತಿರಲಿ. ಹೆಬ್ಬೆರಳನ್ನು ನೀವು ನೋಡಬೇಡಿ, "ನೋಡಿ, ಕೈ ಖಾಲಿ" ಅಂತ ಬಾಯಿಬಿಟ್ಟು ಹೇಳಲೂ ಬೇಡಿ. ಎಡಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಚ್ಚಿ, ಎಲ್ಲರ ಕಣ್ಣೂ ಅಲ್ಲಿರುತ್ತದೆ. ಬಲಗೈ ಅಷ್ಟರಲ್ಲಿ ಕೆಳಗಿಳಿದಿರಲಿ.

ಒಂದೇ ಒಂದು ಕೊಳ್ಳುವುದಾದರೆ ಮೆತ್ತನೆಯ ವಿನೈಲ್, ಬೆರಳಿಗಿಂತ ತುಸು ದೊಡ್ಡದು. ಎರಡನೆಯದನ್ನೂ ಕೊಳ್ಳುವಂತಿದ್ದರೆ ಉಪ್ಪಿನ ಆಟಕ್ಕೊಂದು ಗಟ್ಟಿಯದು. ಎರಡನ್ನೂ ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಥಿನ್ನರ್ ತಾಗಿಸಬೇಡಿ. ವಿನೈಲ್ ಒಳಗೆ ಹತ್ತಿ ತುಂಬಿಟ್ಟರೆ ಆಕಾರ ಕೆಡುವುದಿಲ್ಲ. ಬಿಸಿಲು ಬೀಳುವ ಕಡೆ ಇಟ್ಟರೆ ಅದು ಕ್ರಮೇಣ ಮೆತ್ತಗಿನ ಗುಣ ಕಳೆದುಕೊಂಡು ಜಿಗುಟಾಗುತ್ತದೆ, ಆಗ ಬದಲಿಸಿಬಿಡಿ. ಬಣ್ಣ ಬಿಡುವ ಕೆಂಪು ರೇಷ್ಮೆಯನ್ನು ರಾತ್ರಿಯಿಡೀ ಅದರೊಳಗೆ ಬಿಡಬೇಡಿ, ಕಲೆ ಹೋಗುವುದಿಲ್ಲ.