ಅಡಿಕೆ ಸುಲಿಯುವುದೋ, ಮನೆಪಾಠವೋ: ಬಿಡುವಿನ ಹೊತ್ತಿನ ಎರಡು ದುಡಿಮೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆವಾರ್ತೆಯ ನಡುವೆಯೇ ನಾಲ್ಕು ಕಾಸು ಸಂಪಾದಿಸಬೇಕೆನ್ನುವವರು ನನ್ನಲ್ಲಿ ಹೆಚ್ಚಾಗಿ ವಿಚಾರಿಸುವುದು ಈ ಎರಡು ಕೆಲಸಗಳ ಬಗ್ಗೆ.

ಅಡಿಕೆ ಸುಲಿತದ ಕೂಲಿ ಗಂಟೆಯ ಲೆಕ್ಕದಲ್ಲಲ್ಲ, ಸುಲಿದ ಅಳತೆಗೆ ಸಿಗುವುದರಿಂದ, ಮಕ್ಕಳನ್ನು ಶಾಲೆಗೆ ಕಳಿಸಿ ಬಂದವರೂ ರಾತ್ರಿ ಊಟ ಮುಗಿಸಿದವರೂ ತಮಗೆ ಒದಗಿದ ಹೊತ್ತಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂರಬಹುದು. ಆದರೆ ಹಸಿ ಕಾಯನ್ನು ಅಲಗಿಗೆ ಒತ್ತಿ, ಒಳಗಿನ ಅಡಿಕೆಗೆ ಗಾಯವಾಗದಂತೆ ಸಿಪ್ಪೆ ಬಿಡಿಸುವ ಕೈಚಳಕ ಒಂದೆರಡು ದಿನದಲ್ಲಿ ಬರುವಂಥದ್ದಲ್ಲ. ಪಳಗಿದವರ ಡಬ್ಬ ತುಂಬುವಾಗ ಹೊಸಬರದ್ದು ಅರ್ಧವೂ ಆಗಿರುವುದಿಲ್ಲ, ಬೆರಳಿಗೆ ಹತ್ತಿದ ಕಪ್ಪು ಕಲೆ ಸೋಪಿಗೂ ಬಿಡುವುದಿಲ್ಲ. ಕೊಯ್ಲು ಮುಗಿದರೆ ಕೆಲಸವೂ ಮುಗಿಯಿತು. ಸುಲಿಯುವ ಯಂತ್ರ ಬಂದ ಮನೆಗಳಲ್ಲಂತೂ ಕೈಗಳ ಅಗತ್ಯವೇ ಕಡಿಮೆಯಾಗಿದೆ.

ಮನೆಪಾಠಕ್ಕೆ ಜೂನ್‌ನಿಂದ ಪರೀಕ್ಷೆಯವರೆಗೂ ತಿಂಗಳು ತಿಂಗಳು ಹಣ ಬರುತ್ತದೆ. ಎಸ್‌ಎಸ್‌ಎಲ್‌ಸಿ ಗಣಿತ ಹೇಳಿಕೊಡಬಲ್ಲವರಿಗೆ ಮಕ್ಕಳೂ ಸಿಗುತ್ತಾರೆ. ಆದರೆ ಸಂಜೆಯ ಆ ಗಂಟೆ ನಿಮ್ಮದಾಗಿ ಉಳಿಯುವುದಿಲ್ಲ, ಆಷಾಢದ ಮಳೆಯಲ್ಲಿ ಹಳ್ಳ ದಾಟಿ ಬರುವ ಮಕ್ಕಳನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ.

ಮನೆಯಲ್ಲಿ ಹಸುಗೂಸೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಸುಲಿತವೇ ಮೇಲು. ಶಿವಮೊಗ್ಗ ಪೇಟೆಯಲ್ಲಿದ್ದು ಸಂಜೆ ಬಿಡುವಿರುವ ಪದವೀಧರರು ಮನೆಪಾಠವನ್ನೇ ಆರಿಸಿಕೊಳ್ಳಲಿ. ಇನ್ನು ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸವೆಂದು ಮೊಬೈಲಿಗೆ ಬರುವ ಸಂದೇಶಗಳು ನೋಂದಣಿ ಶುಲ್ಕ ಕೇಳಿದರೆ ದಯವಿಟ್ಟು ಕೊಡಬೇಡಿ; ಈಗಾಗಲೇ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ನೀಡಿ.